ಬಾದಾಮಿಯ ಸಮುದ್ರ ದಂಡೆ

ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುವವರು ಲೋಕದಲ್ಲಿ ಬಹಳ ಜನ ಇದ್ದಾರೆ. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ. ತಿರುಗಿ ಬಂದು, ಬೀಗ ಜಗ್ಗಿ ನೋಡಿ, ಮತ್ತೆ ತಿರುವಿನವರೆಗೆ ಹೋದ ಮೇಲೆ, ಈಗ ಜಗ್ಗಿ ನೋಡಿದ್ದು ಇವತ್ತಿನದೋ ನಿನ್ನೆಯದೋ ಎಂಬ ಅನುಮಾನ ನನಗೆ ಹತ್ತುತ್ತದೆ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯವರು, ಮೇಷ್ಟ್ರು ದಿನಾ ಬೆಳಗ್ಗೆ ಆರೋಗ್ಯಕ್ಕಾಗಿ ಹೀಗೆ ಹಿಂದೆ ಮುಂದೆ ನಡೆಯುತ್ತಾರೆ ಎಂದು ತಿಳಿದಿದ್ದಾರೆ. ಆ ಸದಭಿಪ್ರಾಯವನ್ನು ಕೆಡಿಸಲು ನನಗೆ ಮನಸ್ಸಿಲ್ಲ.

ಇದಕ್ಕೆಲ್ಲ ಓದೇ ಕಾರಣ. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದೆ. ಆಮೇಲೆ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಾ, ಕಂಡದ್ದನ್ನೂ ಕೇಳಿದ್ದನ್ನೂ ಅನುಮಾನದಿಂದಲೇ ನೋಡಬೇಕೆಂದು ಹುಡುಗರಿಗೆ ವರ್ಷಗಟ್ಟಲೆ ಕಲಿಸಿದೆ. ಹುಡುಗರು ಕಲಿಯಲಿಲ್ಲ, ನಾನು ಕಲಿತುಬಿಟ್ಟೆ. ಮೊದಲು ದೇವರನ್ನು ಅನುಮಾನಿಸಿದೆ, ಆಮೇಲೆ ಪತ್ರಿಕೆಗಳನ್ನು, ಆಮೇಲೆ ಡಾಕ್ಟರುಗಳನ್ನು. ಅನುಮಾನಿಸಲು ಹೊರಗೆ ಏನೂ ಉಳಿಯದಾದಾಗ ಅದು ಒಳಗೆ ತಿರುಗಿ ನನ್ನ ನೆನಪನ್ನೇ ತಿನ್ನತೊಡಗಿತು. ಈಗ ನಾನು ಯಾವ ಹಳೆಯ ಕಥೆ ಹೇಳಿದರೂ ಕೊನೆಗೆ "ಹಾಗಂತ ನನಗೆ ನೆನಪು" ಎಂದು ಸೇರಿಸುತ್ತೇನೆ. ಔಷಧದ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಬರೆದಂತೆ.

ನಮ್ಮೂರಿನವರಿಗೆ ಈ ರೋಗ ಬರಲು ಇನ್ನೊಂದು ಕಾರಣವೂ ಇದೆ. ಬೇರೆ ಊರಿನವರು ತಮ್ಮ ಬಾಲ್ಯದ ಬಗ್ಗೆ ಅನುಮಾನ ಬಂದರೆ ಹೋಗಿ ನೋಡಬಹುದು. ಶಾಲೆಯ ಕಟ್ಟೆ ಇಲ್ಲೇ ಇತ್ತು, ಬೇವಿನ ಗಿಡ ಅಲ್ಲೇ ಇತ್ತು ಎಂದು ಕೈಯಿಂದ ಮುಟ್ಟಬಹುದು. ನಾನು ಹುಟ್ಟಿದ ಮನೆ, ಆಡಿದ ಓಣಿ, ಬಿದ್ದು ಹಲ್ಲು ಮುರಿದುಕೊಂಡ ಮೆಟ್ಟಿಲು ಎಲ್ಲವೂ ಹಳೆ ಬಾಗಲಕೋಟೆಯ ಜೊತೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿವೆ. ಸಂಜೆ ಹೊತ್ತು ಹಿನ್ನೀರಿನ ಅಂಚಿನಲ್ಲಿ ನಿಂತರೆ, ಇಲ್ಲಿ ನಮ್ಮ ಪಡಸಾಲೆ ಇತ್ತು ಎಂದು ನಾನು ಒಂದು ಕಡೆ ಬೆರಳು ತೋರಿಸುತ್ತೇನೆ. ಪಕ್ಕದಲ್ಲಿ ನಿಂತ ಇನ್ನೊಬ್ಬರು ಅದೇ ನೀರಿಗೆ ಬೆರಳು ತೋರಿಸಿ ತಮ್ಮ ದನದ ಕೊಟ್ಟಿಗೆ ಅಂತಾರೆ. ಇಬ್ಬರ ಮಾತನ್ನೂ ನೀರು ಒಪ್ಪುತ್ತದೆ. ಅಂಥ ಊರಿನವನಿಗೆ ನೆನಪೆಂದರೆ ಸಾಕ್ಷಿಗಳೆಲ್ಲ ಸತ್ತುಹೋದ ಮೊಕದ್ದಮೆ.

ಆದರೂ ಒಂದು ನೆನಪನ್ನು ಮಾತ್ರ ಬಿಡದೆ ಹಿಡಿದಿದ್ದೆ. ಅದು ಅವ್ವನದು.

ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷ ತುಂಬಿರಲಿಲ್ಲ. ಅಷ್ಟು ಸಣ್ಣ ಕೂಸಿಗೆ ನೆನಪು ನಿಲ್ಲುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ, ನಾನೇ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತದೆ. ಅವ್ವ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದಾಳೆ. ನನಗೆ ಬೆನ್ನು ಕಾಣುತ್ತದೆ. ಎಡಗೈಯಲ್ಲಿ ಸೀರೆಯ ನೆರಿಗೆ ತುಸು ಎತ್ತಿ ಹಿಡಿದಿದ್ದಾಳೆ. ಆಕೆಯ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಓಡುತ್ತಿದ್ದಾಳೆ, ಒಂದು ಜಡೆ ಬಿಚ್ಚಿ ಹೋಗಿದೆ. ನೆಲದ ತುಂಬ ಅಲೆ. ಸಮುದ್ರದ ಸದ್ದು ಕೇಳುತ್ತದೆ. ನೀರು ಮಾತ್ರ ಇಲ್ಲ. ಇಷ್ಟು ವರ್ಷಗಳಲ್ಲಿ ನೀರನ್ನು ಮರೆವು ಕುಡಿದುಬಿಟ್ಟಿರಬೇಕು ಎಂದು ನಾನು ಸಮಾಧಾನ ಹೇಳಿಕೊಂಡಿದ್ದೆ. ಅವ್ವ ಇನ್ನೇನು ಹಿಂದಕ್ಕೆ ತಿರುಗಬೇಕು, ಕತ್ತು ಒಂದಿಷ್ಟು ಹೊರಳಿದೆ, ಅಷ್ಟರಲ್ಲಿ ಮುಗಿದುಹೋಗುತ್ತದೆ. ಮುಖ ಕಾಣುವುದಿಲ್ಲ. ಮುಖ ಬೇಕೆಂದರೆ ಗೋಡೆಯ ಮೇಲಿನ ಫೋಟೋ ನೋಡಬೇಕು. ಫೋಟೋದಲ್ಲಿ ಅವ್ವ ಕ್ಯಾಮೆರಾಕ್ಕೆ ಹೆದರಿದ್ದಾಳೆ.

ಈ ನೆನಪಿನ ಬಗ್ಗೆ ನನಗೂ ನಮ್ಮ ನೀಲಕ್ಕನಿಗೂ ಪ್ರತಿ ವರ್ಷ ಅವ್ವನ ಪುಣ್ಯತಿಥಿಯ ಊಟಕ್ಕೆ ಕೂತಾಗ ಜಗಳ. ನೀಲಕ್ಕ ನನ್ನ ಒಬ್ಬಳೇ ಅಕ್ಕ, ನನಗಿಂತ ಎಂಟೊಂಬತ್ತು ವರ್ಷಕ್ಕೆ ದೊಡ್ಡವಳು. ಇಳಕಲ್ಲಿನಲ್ಲಿ ಸೀರೆ ಅಂಗಡಿ ನಡೆಸುತ್ತಾಳೆ. ಬರಿಗೈಯಲ್ಲಿ ಗಿರಾಕಿಯನ್ನು ಕಳಿಸಿದ ದಾಖಲೆ ಆಕೆಯ ಅಂಗಡಿಯಲ್ಲಿಲ್ಲ. ಯಾವ ಬಣ್ಣ ಕೇಳಿದರೂ ಇದೇ ಆ ಬಣ್ಣ ಎಂದು ಅಷ್ಟು ಪ್ರೀತಿಯಿಂದ ಹೇಳುತ್ತಾಳೆಂದರೆ, ಹಸಿರು ಕೇಳಿ ಬಂದವರು ನೀಲಿ ಉಟ್ಟು ಸುಖವಾಗಿದ್ದಾರೆ. ನಾನು "ಅವ್ವ ನನ್ನ ಸಮುದ್ರಕ್ಕ ಕರಕೊಂಡು ಹೋಗಿದ್ಲು" ಎಂದರೆ ಸಾಕು, ಆಕೆ ಹೋಳಿಗೆ ಬಡಿಸುವ ಕೈ ತಡೆದು ಹೇಳುತ್ತಿದ್ದಳು: "ಅವ್ವ ಸಮುದ್ರ ನೋಡೇ ಇಲ್ಲಲೇ. ಆಕಿ ನೋಡಿದ್ದು ಘಟಪ್ರಭಾ ಹೊಳಿ, ಅದೂ ಬ್ಯಾಸಗ್ಯಾಗ." ಮಾತು ಅಲ್ಲಿಗೆ ತುಂಡಾಗುತ್ತಿತ್ತು. ಸೀರೆಯ ನೆರಿಗೆ, ಬಿಚ್ಚಿದ ಜಡೆ ಇವನ್ನೆಲ್ಲ ನಾನು ಆಕೆಗೂ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ನೆನಪನ್ನು ಹೇಳಿದಷ್ಟೂ ಅದು ಕೈಬದಲಾಗಿ ಮಾಸುತ್ತದೆ ಎಂಬುದು ನನ್ನ ಸಿದ್ಧಾಂತ.

ಹೀಗಿರುವಾಗ ಈ ಮಳೆಗಾಲದ ಕೊನೆಯಲ್ಲಿ ಅಕ್ಕ ಫೋನು ಮಾಡಿದಳು. ಇಳಕಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೋರ್ಡು ಹಾಕಿದ್ದಾರಂತೆ: "ಒಂದೇ ದಿನದಲ್ಲಿ ಸಮುದ್ರ ಮತ್ತು ಪರ್ವತ ದರ್ಶನ. ಗೈಡ್ ಸಹಿತ. ಸಂಜೆ ಮನೆಗೆ ವಾಪಸ್."

"ಇಳಕಲ್ಲಿಂದ ಒಂದು ದಿನದಾಗ ಯಾವ ಸಮುದ್ರಕ್ಕ ಹೋಗಿ ಬರ್ತಾರ?" ಎಂದೆ.

"ಬಾದಾಮಿಗೆ."

"ಬಾದಾಮ್ಯಾಗ ಸಮುದ್ರ ಎಲ್ಲೈತಿ?"

"ಅದನ್ನ ನೋಡಾಕs ಹೋಗೋದಲೇ. ಬರ್ತಿಯೋ ಇಲ್ಲೋ?"

ಸುಳ್ಳೊಂದನ್ನು ಹಿಡಿದುಕೊಡುವ ಅವಕಾಶ ಸಿಕ್ಕರೆ ನಾನು ಮದುವೆಯ ಊಟವನ್ನೂ ಬಿಡುತ್ತೇನೆ. ಹೊರಟೆ. ಅಕ್ಕ ಅಂಗಡಿ ಮುಚ್ಚಿ ಬರುತ್ತೇನೆ ಅಂದದ್ದೇ ವಿಚಿತ್ರ, ಅದನ್ನು ಅವತ್ತು ನಾನು ಗಮನಿಸಲಿಲ್ಲ. ಅನುಮಾನದ ಮನುಷ್ಯರ ದೌರ್ಬಲ್ಯವೇ ಇದು: ದೂರದ್ದನ್ನೆಲ್ಲ ಶೋಧಿಸುತ್ತೇವೆ, ಪಕ್ಕದಲ್ಲಿ ಕೂತವರನ್ನು ನೋಡುವುದಿಲ್ಲ.

ಇಳಕಲ್ಲಿನಿಂದ ಹೊರಟ ಟೆಂಪೊದ ತುಂಬ ಜನ ಇದ್ದರು. ನಮ್ಮ ಮುಂದಿನ ಸೀಟಿನಲ್ಲಿ ಹುನಗುಂದದ ಕೋರ್ಟಿನಿಂದ ನಿವೃತ್ತರಾದ ಶಿರಸ್ತೇದಾರರೊಬ್ಬರು ಹೆಂಡತಿಯೊಡನೆ ಕೂತಿದ್ದರು. ಗೈಡನ ಹೆಸರು ಮಲ್ಲಪ್ಪ. ಈ ಕೆಲಸಕ್ಕೆ ಬರುವ ಮೊದಲು ಆತ ಹುನಗುಂದದ ಮಾರುಕಟ್ಟೆಯಲ್ಲಿ ಕಾಳಿನ ಹರಾಜು ಕೂಗುತ್ತಿದ್ದನಂತೆ. ಗುಡೂರು ದಾಟುವ ಹೊತ್ತಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮೈಕು ಕೈಗೆ ಸಿಕ್ಕಿದ್ದೇ ತಡ, ಆತ ನಮ್ಮ ಕಡೆಯ ಕಲ್ಲುಗಳ ವಯಸ್ಸನ್ನು ಹರಾಜಿಗೆ ಇಟ್ಟ.

"ಈ ಕಲ್ಲು ಎಷ್ಟ ಹಳೇವು ಅಂತೀರಿ? ಐವತ್ತು ಕೋಟಿ ವರ್ಷ! ಐವತ್ತು... ಎಪ್ಪತ್ತು... ನೂರು ಅನ್ರಿ! ಅಕ್ಕಾರ, ನೀವೇನಂತೀರಿ?"

"ನೂರಾ ಹತ್ತು," ಎಂದಳು ನೀಲಕ್ಕ, ವ್ಯಾಪಾರದ ಅಭ್ಯಾಸದಿಂದ.

"ನೂರಾ ಹತ್ತು ಕೋಟಿ! ಒಂದs ಸರ್ತಿ, ಎರಡs ಸರ್ತಿ..."

ಶಿರಸ್ತೇದಾರರು ಕನ್ನಡಕದ ಮೇಲಿಂದ ನೋಡಿದರು. "ಸಾಕ್ಷಿ ಏನೈತಿ?"

"ಮ್ಯಾಲ ಐತ್ರಿ ಸಾಹೇಬ್ರ, ಗುಡ್ಡದ ಮ್ಯಾಲ. ಖುದ್ದ ತುಳದು ನೋಡೀರಂತ."

ನಗುವ ಮಾತಾದರೂ ಬುಡದಲ್ಲಿ ಸತ್ಯವಿದೆ ಎಂದು ನಾನೇ ಅಕ್ಕನಿಗೆ ವಿವರಿಸಿದೆ. ಜನ ಕಲಾದಗಿಯನ್ನು ಹಣ್ಣಿನ ತೋಟಗಳಿಗಾಗಿ ಬಲ್ಲರು. ಆದರೆ ಭೂಮಿಯ ಚರಿತ್ರೆ ಓದುವವರಿಗೆ ಅದು ಒಂದು ಜಾತಿಯ ಕಲ್ಲಿನ ಹೆಸರು. ಈಗ ಜೋಳ, ಸಜ್ಜೆ ಬೆಳೆಯುವ ಈ ನೆಲ ಯಾವುದೋ ಲೆಕ್ಕಕ್ಕೆ ಸಿಗದ ಕಾಲದಲ್ಲಿ ನೀರಿನ ಕೆಳಗಿತ್ತು. ಆ ನೀರಿನ ಮರಳೇ ಗಟ್ಟಿಯಾಗಿ ಬಾದಾಮಿಯ ಕೆಂಪು ಬೆಟ್ಟವಾಯಿತು. ಹಾಗೆ ನೋಡಿದರೆ ನಮ್ಮ ಊರು ಮುಳುಗಿದ್ದು ಅದೇ ಮೊದಲಲ್ಲ. ಅಕ್ಕ ಕಿಟಕಿಯ ಹೊರಗೆ ನೋಡುತ್ತಾ "ಹೌದೇನು" ಅಂದಳು. ಅವಳ ಕೈ ಮಡಿಲಿನಲ್ಲಿ ಸೀರೆಯ ಸೆರಗನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು.

ಬಾದಾಮಿಗೆ ನಾನು ಅನೇಕ ಸಲ ಹೋಗಿದ್ದೇನೆ, ಎಲ್ಲರಂತೆ. ಗುಹೆ ನೋಡಿ, ನೆಂಟರಿಗೆ ತೋರಿಸಿ, ಕೆರೆಯ ಮೆಟ್ಟಿಲ ಮೇಲೆ ಮಂಗಗಳಿಗೆ ಕಡಲೆಯ ಪೊಟ್ಟಣ ಕಳೆದುಕೊಂಡು ಬಂದಿದ್ದೇನೆ. ಮಲ್ಲಪ್ಪ ಆ ಕಡೆ ಹೋಗಲೇ ಇಲ್ಲ. ಕೆರೆಯ ಹಿಂದಿನಿಂದ, ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಮೇಲೆ ಹೋಗುವ ದಾರಿ ಹಿಡಿದ. ಅಲ್ಲಿ ನಾನು ಎಂದೂ ಹತ್ತಿರಲಿಲ್ಲ. ಹಾಗಂತ ನನಗೆ ನೆನಪು.

ಸಂದಿಯೊಳಗೆ ಬಿಸಿಲು ಬೀಳುತ್ತಿರಲಿಲ್ಲ. ಎರಡೂ ಕಡೆ ಕೆಂಪು ಗೋಡೆ ಎದ್ದು ಮೇಲೆ ಒಂದು ಪಟ್ಟಿ ಆಕಾಶ ಉಳಿದಿತ್ತು. ಹಿಂದೆ ಬರುತ್ತಿದ್ದವರ ಮಾತು ನಮ್ಮನ್ನು ದಾಟಿ ಮುಂದೆ ಹೋಗಿ, ಮುಂದಿನಿಂದ ಯಾರೋ ಆಡಿದ ಹಾಗೆ ಕೇಳುತ್ತಿತ್ತು. ಹಾಗೆ ಹತ್ತುವಾಗ, ಮುಂದಿನ ತಿರುವಿನಲ್ಲಿ ಒಂದು ಬಂಡೆ ಮೇಲಿಂದ ಕೆಳಗೆ ಎರಡಾಗಿ ಸೀಳಿದೆ, ಆ ಸೀಳಿನಲ್ಲಿ ಒಂದು ಅರಳಿ ಗಿಡ ಇದೆ ಎಂದು ನನಗೆ ಗೊತ್ತಾಯಿತು. ಗೊತ್ತಾಯಿತು ಎಂಬ ಪದವನ್ನು ನಾನು ಹಗುರವಾಗಿ ಬಳಸುವವನಲ್ಲ. ಹೆಜ್ಜೆ ನಿಂತಿತು. ಇಂಥದ್ದು ಎಲ್ಲರಿಗೂ ಆಗುತ್ತದೆ. ಕಂಡ ಮೇಲೆ ಮನಸ್ಸು "ಇದು ನನಗೆ ಮೊದಲೇ ಗೊತ್ತಿತ್ತು" ಎಂದು ಹಿಂದಿನ ತಾರೀಖು ಹಾಕಿಕೊಳ್ಳುತ್ತದೆ. ಹಾಗಾಗಬಾರದೆಂದು ಕಾಣುವ ಮೊದಲೇ ಬಾಯಿಬಿಟ್ಟು ಹೇಳಿದೆ.

"ಅಕ್ಕಾ, ನೀ ಸಾಕ್ಷಿ ಇರು. ತಿರುವಿನಾಗ ಸೀಳಿದ ಬಂಡಿ ಐತಿ. ಅದರಾಗ ಅರಳಿ ಗಿಡ ಐತಿ, ಮೊಣಕಾಲುದ್ದದ್ದು."

ತಿರುವು ದಾಟಿದೆವು. ಬಂಡೆ ಸೀಳಿತ್ತು. ಸೀಳಿನಲ್ಲಿ ಅರಳಿ ಇತ್ತು. ಆದರೆ ಅದು ಗಿಡವಲ್ಲ, ದೊಡ್ಡ ಮರ. ಬೇರುಗಳು ಹಗ್ಗದಂತೆ ಬಂಡೆಯನ್ನು ಸುತ್ತಿಕೊಂಡು ಕೆಳಗೆ ಇಳಿದಿದ್ದವು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನೋಡಿದಿ? ತಪ್ಪಾತು. ನಾ ಹೇಳಿದ್ದು ಗಿಡ. ಇದು ಮರ. ನೆನಪು ಹಿಂಗs ಮೋಸ ಮಾಡ್ತೈತಿ," ಎಂದು ತಿರುಗಿದೆ.

ನೀಲಕ್ಕ ಮರದ ಬುಡಕ್ಕೆ ಕೈ ಇಟ್ಟು ನಿಂತಿದ್ದಳು. "ಆವಾಗ ಅದು ಮೊಣಕಾಲುದ್ದನ ಇತ್ತು," ಅಂದಳು. ಆಮೇಲೆ ನನ್ನ ಮುಖ ನೋಡದೆ ಹತ್ತತೊಡಗಿದಳು.

ನನ್ನ ಬೆನ್ನಿನ ಮೇಲೆ ಯಾರೋ ತಣ್ಣನೆಯ ಅಂಗೈ ಇಟ್ಟ ಹಾಗಾಯಿತು. ಯಾವಾಗ ಎಂದು ಕೇಳುವಷ್ಟರಲ್ಲಿ ಆಕೆ ಮುಂದಿನ ತಿರುವು ದಾಟಿದ್ದಳು.

ಗುಡ್ಡದ ನೆತ್ತಿಗೆ ಬಂದರೆ ಒಂದು ವಿಶಾಲವಾದ ಬಯಲು ಬಂಡೆ. ಮಲ್ಲಪ್ಪ ಮೈಕು ಎತ್ತಿ, "ಎಲ್ಲಾರೂ ಚಪ್ಪಲ್ ಬಿಡ್ರಿ. ಕಣ್ಣು ಮುಚ್ರಿ. ನಾ ಹೇಳೋತನಕ ತೆರೀಬ್ಯಾಡ್ರಿ. ಮುಂದ ನಡೀರಿ, ಸಮುದ್ರ ಬರ್ತೈತಿ," ಅಂದ. ಶಿರಸ್ತೇದಾರರು ಒಂದು ಕಣ್ಣು ಮಾತ್ರ ಮುಚ್ಚಿದರು. ನಾನು ಎರಡನ್ನೂ ಮುಚ್ಚಿದೆ.

ಮೊದಲ ಹೆಜ್ಜೆಗೇ ಪಾದಕ್ಕೆ ಅಲೆ ಸಿಕ್ಕಿತು. ನೀರು ಹಿಂದೆ ಸರಿದ ಮೇಲೆ ಮರಳಿನ ಮೇಲೆ ಉಳಿಯುತ್ತವಲ್ಲ, ಬೆರಳಗಲದ ಅಲೆಗಳು, ಒಂದರ ಪಕ್ಕ ಒಂದು, ಅವೇ. ಆದರೆ ಕಲ್ಲಾಗಿದ್ದವು. ಎಂದೋ ಒಂದು ದಿನ ನೀರು ಬಂದು ಹೋಗಿದೆ, ಇನ್ನೊಮ್ಮೆ ಬಂದು ಅಳಿಸಿಲ್ಲ. ಅಷ್ಟರಲ್ಲಿ ಸದ್ದು ಕೇಳಿತು. ದೂರದಲ್ಲಿ ಏನೋ ದೊಡ್ಡದು ಉಸಿರು ಎಳೆದುಕೊಂಡು, ತಡೆದು, ಬಿಟ್ಟ ಹಾಗೆ. ಮತ್ತೆ ಎಳೆದುಕೊಂಡ ಹಾಗೆ. ನಮ್ಮ ಜೊತೆ ಬಂದಿದ್ದ ಹೆಂಗಸೊಬ್ಬರು "ಅಯ್ಯ ನಮ್ಮವ್ವ" ಅಂದದ್ದು ಕೇಳಿತು. ಶಿರಸ್ತೇದಾರರ ದನಿ, "ಗಾಳಿ ಐತ್ರಿ, ಸಂದ್ಯಾಗಿಂದ ಬರ್ತೈತಿ," ಎಂದಿತು. ಗಾಳಿಯೇ. ನಾನೂ ಬಲ್ಲೆ. ಬಲ್ಲೆ ಎಂಬುದರಿಂದ ಮೈಮೇಲಿನ ಕೂದಲು ಇಳಿಯಲಿಲ್ಲ.

ಏಕೆಂದರೆ ನನ್ನ ಸಮುದ್ರದಲ್ಲಿ ನೀರಿರಲಿಲ್ಲ. ಮರೆವು ಅದನ್ನು ಕುಡಿದಿರಲಿಲ್ಲ. ಅಲ್ಲಿ ಯಾವತ್ತೂ ನೀರೇ ಇರಲಿಲ್ಲ. ಮುಚ್ಚಿದ ಕಣ್ಣಿನೊಳಗೆ ಅವ್ವ ನೆರಿಗೆ ಎತ್ತಿಕೊಂಡು ನಡೆಯುತ್ತಿದ್ದಳು, ನನ್ನಿಂದ ಕೂಗಳತೆಯಲ್ಲಿ. ಮುಂದೆ ಆ ಹುಡುಗಿ ಓಡುತ್ತಿದ್ದಳು. ಅವ್ವನ ಕತ್ತು ಹೊರಳಿತು. ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದು ನಾನು ಉಸಿರು ಹಿಡಿದೆ. ಕಿವಿಯ ತುದಿ ಕಂಡಿತು, ಓಲೆ ಕಂಡಿತು.

ಕೀಂಯ್ ಎಂದು ಮೈಕು ಕಿರುಚಿತು. "ಕಣ್ಣು ತೆರೀರಿ! ನೋಡ್ರಿ ಸಮುದ್ರ!" ಎಂದ ಮಲ್ಲಪ್ಪ.

ಆತನನ್ನು ಆ ಗುಡ್ಡದಿಂದ ತಳ್ಳಬೇಕೆಂದು ಅನ್ನಿಸಿದ್ದು ಮಾತ್ರ ನನಗೆ ಸ್ಪಷ್ಟವಾಗಿ, ಯಾವ ಅನುಮಾನವೂ ಇಲ್ಲದೆ ನೆನಪಿದೆ.

ಉಳಿದವರು ಫೋಟೋ ತೆಗೆದುಕೊಳ್ಳಲು ಚದುರಿದರು. ನೀಲಕ್ಕ ಬಂಡೆಯ ಅಂಚಿನಲ್ಲಿ ಕೂತು, ಅಲೆಗಳ ಮೇಲೆ ಅಂಗೈ ಊರಿ, ಸಣ್ಣ ದನಿಯಲ್ಲಿ "ಬಿಟ್ಟೆ ಅವ್ವಾ" ಅಂದಳು. ನಾನು ಪಕ್ಕದಲ್ಲಿ ಕೂತೆ.

"ಏನು ಬಿಟ್ಟಿ?"

"ಆಣಿ. ಇಲ್ಲೇ ಕೈ ಇಡಿಸಿ ಹಾಕ್ಸಿದ್ಲು. ಹಾಕಿದ ಜಾಗಾದಾಗs ಬಿಡಬೇಕಲ್ಲ. ಬೋರ್ಡಿನ ಮ್ಯಾಲ ಈ ಕಲ್ಲಿನ ಫೋಟೋ ನೋಡಿದ್ನಿ. ಒಬ್ಬಾಕಿನs ಬರಾಕ ಧೈರ್ಯ ಆಗಲಿಲ್ಲ."

ಆಮೇಲೆ ಹೇಳಿದಳು. ಅವ್ವ ಬಸುರಾಗಿದ್ದಾಗ ಒಂದು ಬಯಕೆ ಹತ್ತಿತ್ತಂತೆ. ಹುಣಸೆಕಾಯಿಯಲ್ಲ, ಮಾವಿನಕಾಯಿಯಲ್ಲ; ಸಮುದ್ರ ನೋಡಬೇಕು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸಿಗದ ವಸ್ತುವಿಗೆ ಬದಲಿ ಕೊಡುವ ರೂಢಿ ನಮ್ಮ ಮನೆಯಲ್ಲಿತ್ತು: ಮಾವಿನ ಕಾಲವಲ್ಲದಿದ್ದರೆ ಉಪ್ಪಿನಕಾಯಿ, ಕಬ್ಬು ಇಲ್ಲದಿದ್ದರೆ ಬೆಲ್ಲ. ಅಪ್ಪ ಪಾಪ, ಸಮುದ್ರಕ್ಕೆ ಏನು ಬದಲಿ ಕೊಡಬೇಕೆಂದು ಎಷ್ಟು ದಿನ ತಲೆ ಕೆಡಿಸಿಕೊಂಡನೋ. ಕೊನೆಗೆ ಬನಶಂಕರಿಗೆ ಹರಕೆ ಇದೆ ಎಂದು ಆಯಿಗೆ, ಅಂದರೆ ಅಪ್ಪನ ತಾಯಿಗೆ, ಸುಳ್ಳು ಹೇಳಿ ಬಾದಾಮಿಗೆ ಕರೆದುಕೊಂಡು ಬಂದ. ಬಸುರಿ ಹೆಂಗಸು ಗುಡ್ಡ ಹತ್ತಿದಳೆಂದು ಗೊತ್ತಾದರೆ ಆಯಿ ಮನೆಯ ಮಾಳಿಗೆ ಹಾರುವಂತೆ ಕೂಗಾಡುತ್ತಿದ್ದಳು, ಅದಕ್ಕೇ ಯಾರಿಗೂ ಹೇಳಬಾರದೆಂಬ ಆಣೆ.

"ನಿನಗ ಪ್ರತಿ ವರ್ಷ ಸುಳ್ಳು ಹೇಳಲಿಲ್ಲಪಾ ನಾ," ಅಂದಳು ಅಕ್ಕ. "ಸಮುದ್ರ ನೋಡಿಲ್ಲ ಅಂದೆ. ಅದು ಖರೆನs. ಆಣಿನೂ ಉಳೀತು."

"ಬಯಕಿ ತೀರಿತು ಅಂದ್ರ ನನ್ನ ಕಿವಿ ಯಾಕ ಸೋರಿತು?" ಎಂದೆ. ಹುಡುಗನಾಗಿದ್ದಾಗ ವರ್ಷಗಟ್ಟಲೆ ನನ್ನ ಬಲಗಿವಿಯಲ್ಲಿ ಹತ್ತಿ ಇರುತ್ತಿತ್ತು.

"ಅರ್ಧ ತೀರಿತ್ತು. ಅದಕ್ಕ ಒಂದs ಕಿವಿ ಸೋರಿತು."

ನಗು ಬಂತು, ಇಬ್ಬರಿಗೂ. ನಗು ಮುಗಿಯುವಾಗ ನನಗೆ ಆ ಲೆಕ್ಕ ಹೊಳೆಯಿತು. "ಅಂದ್ರ ಅವತ್ತು ಇಲ್ಲಿ ಯಾರ್ಯಾರು ಇದ್ರು?"

"ನಾನು, ಅವ್ವ. ಅಪ್ಪ ಕೆಳಗ ಕೆರಿ ಹತ್ರ ಚೀಲ ಕಾಯ್ಕೋತ ಕುಂತಿದ್ದ."

"ನಾನು?"

"ನೀ ಎಲ್ಲಿಂದ ಬರ್ತಿ? ನೀ ಹೊಟ್ಟ್ಯಾಗಿದ್ದಿ."

ಸಂದಿಯಿಂದ ಆ ಉಸಿರು ಮತ್ತೆ ಬಂದು ಹೋಯಿತು. ನಾನು ನಿಧಾನವಾಗಿ, ಸಾಕ್ಷಿಯನ್ನು ವಿಚಾರಿಸುವವನಂತೆ ಕೇಳಿದೆ. "ಅವತ್ತು ನೀ ಅವ್ವನ ಮುಂದ ಓಡಾಕತ್ತಿದ್ದಿ. ಆಕಿ ನಿನಗ ಎರಡು ಜಡಿ ಹಾಕಿದ್ಲು. ಒಂದು ಬಿಚ್ಚಿತ್ತು."

ಅಕ್ಕ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಮೊದಲು ನೋಡಿರಲಿಲ್ಲ. "ಜಡಿ ಟೇಪು ಗಾಳಿಗೆ ಹಾರಿ ಹೋತು," ಅಂದಳು. "ಕೆಂಪು ಟೇಪು. ನಿನಗ ಯಾರು ಹೇಳಿದ್ರು?"

ಯಾರು ಹೇಳಿದರು? ಹೇಳಬಲ್ಲವರು ಮೂವರು. ಅವ್ವ ಹೋದಾಗ ನನಗೆ ಮಾತೇ ಬರುತ್ತಿರಲಿಲ್ಲ. ಅಕ್ಕ ಆಣೆಯಲ್ಲಿದ್ದಳು. ಅಪ್ಪ ಕೆಳಗೆ ಕೂತಿದ್ದ. ಆದರೂ ಅಪ್ಪನೇ ಎಂದಾದರೂ ಹೇಳಿರಬೇಕು. ಇಳಿದು ಬಂದ ಮಗಳ ಜಡೆ ನೋಡಿರಬೇಕು, ಉಳಿದದ್ದನ್ನು ನನ್ನ ಮನಸ್ಸು ಕಟ್ಟಿಕೊಂಡಿರಬೇಕು. ಸೀಳಿದ ಬಂಡೆಯ ಗಿಡ? ಅದನ್ನೂ ಅಪ್ಪ ಹೇಳಿರಬೇಕು. ಆತ ಹತ್ತಿಲ್ಲವಲ್ಲ? ಆಮೇಲೆ ಎಂದಾದರೂ ಹತ್ತಿರಬೇಕು. ನೋಡಿ, ಅನುಮಾನದ ಮನುಷ್ಯನಿಗೆ ಇದೊಂದು ಅನುಕೂಲ, ವಿವರಣೆಗೆ ಎಂದೂ ಬರವಿಲ್ಲ. ಆದರೆ ಎಲ್ಲ ವಿವರಣೆಗಳ ಕೊನೆಗೂ ಒಂದು ಮಾತು ಉಳಿಯುತ್ತಿತ್ತು. ಆ ನೆನಪಿನಲ್ಲಿ ನಾನು ಅವ್ವನ ಹಿಂದೆ ಇದ್ದೇನೆ. ಅವ್ವನ ಹಿಂದೆ ಅವತ್ತು ಯಾರೂ ಇರಲಿಲ್ಲ.

ಇಳಿಯತೊಡಗಿದೆವು. ಅರಳಿ ಮರದ ಹತ್ತಿರ ನಾನು ಹಿಂದೆ ತಿರುಗಿ ನೋಡಿದೆ. ಯಾಕೆ ನೋಡಿದೆ ಎಂದು ಕೇಳಬೇಡಿ.

ಟೆಂಪೊ ಹೊರಟ ಮೇಲೆ ನನಗೆ ಹತ್ತಿದ್ದು ಹೆದರಿಕೆಯಲ್ಲ, ಅದಕ್ಕಿಂತ ಬೇರೆಯದು. ತರ್ಕ ಬಲು ಕ್ರೂರವಾದದ್ದು. ನಾನು ಹುಟ್ಟುವ ಮೊದಲು ನಡೆದದ್ದು ನನ್ನ ನೆನಪಾಗಲಾರದು. ಬೆನ್ನು ಕಂಡದ್ದು ಹೇಗೇ ಇರಲಿ, ಅವತ್ತು ಅಲ್ಲಿದ್ದವಳು ಅಕ್ಕ; ನೆನಪು ಅಕ್ಕನದು, ಹೇಗೋ ನನ್ನ ತಲೆಗೆ ಬಂದು ಸೇರಿದೆ. ಅಂದರೆ ಇಷ್ಟು ವರ್ಷ ಅವ್ವನ ಹೆಸರಿನಲ್ಲಿ ನಾನು ಜೋಪಾನ ಮಾಡಿದ್ದು ಇನ್ನೊಬ್ಬರ ಒಡವೆ. ನನ್ನದು ಎಂದು ಉಳಿದದ್ದು ಗೋಡೆಯ ಮೇಲಿನ ಆ ಹೆದರಿದ ಫೋಟೋ ಒಂದೇ. ಸಮುದ್ರವಿಲ್ಲ ಎಂದು ತೋರಿಸಿಕೊಡಲು ಹೋದವನು ಸಮುದ್ರವನ್ನು ಕಂಡು, ಅವ್ವನನ್ನು ಕಳೆದುಕೊಂಡು ಬಂದಿದ್ದೆ.

ಮುಂದಿನ ಸೀಟಿನ ಶಿರಸ್ತೇದಾರರ ಭುಜ ಮುಟ್ಟಿದೆ. "ಸಾಹೇಬ್ರ, ಒಂದು ಮಾತು. ಹೊಟ್ಟ್ಯಾಗಿನ ಕೂಸಿನ ಸಾಕ್ಷಿ ನಡೀತೈತೇನ್ರಿ?"

ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಬಹಳ ಕಾಲದಿಂದ ಕಾದಿದ್ದವರಂತೆ ಅವರು ಪೂರ್ತಿ ತಿರುಗಿ ಕೂತರು. "ಸಾಕ್ಷಿ ನಡ್ಯಂಗಿಲ್ರಿ. ಸಾಕ್ಷಿಗೆ ಕಣ್ಣು ಬೇಕು, ನಾಲಿಗಿ ಬೇಕು. ಆದ್ರ ಪಾಲು ಬರ್ತೈತ್ರಿ! ಹೊಟ್ಟ್ಯಾಗಿದ್ರೂ ಆಸ್ತಿಯೊಳಗ ಕೂಸಿಗೆ ಪಾಲು ಇಡಬೇಕು. ಹುಟ್ಟೋತನಕ ಕಾಯಬೇಕು. ಎಷ್ಟ್ ಕೇಸ್ ನೋಡೀನ್ರಿ ನಾ. ಯಾಕ, ಜಮೀನಿನ ತಕರಾರು ಏನ್ರಿ?"

"ಹಂಗs ಏನೋ," ಎಂದೆ.

"ಪಾಲು ಬಿಡಬ್ಯಾಡ್ರಿ," ಎಂದು ಅವರು ಮುಂದೆ ತಿರುಗಿದರು.

ನೀಲಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಸಂಜೆಯ ಬಿಸಿಲು ಸೂರ್ಯಕಾಂತಿಯ ಹೊಲಗಳ ಮೇಲೆ ಇತ್ತು. ನನ್ನ ಕಡೆ ಬಾಗಿ ಕೇಳಿದಳು. "ನಿನಗ ಅವ್ವನ ಮುಖ ಕಂಡೈತೇನು, ಅದರಾಗ?"

"ಇಲ್ಲ. ತಿರುಗೂದರಾಗ ಮುಗೀತೈತಿ."

"ತಿರುಗಿದ್ಲು," ಅಂದಳು ಅಕ್ಕ. "ನಾ ಮುಂದ ಓಡಿ ಹೊಳ್ಳಿ ನೋಡಿದ್ನಿ, ಅವ್ವ ನನ್ನ ಕಡೆ ನೋಡವಲ್ಲಳು. ಹಿಂದ ತಿರುಗಿ ನಿಂತಾಳ. ಹಿಂದ ಯಾರಿಲ್ಲ, ಬರೀ ಕಲ್ಲು. ಆದ್ರ ಯಾರೋ ಬರಾಕತ್ತಾರ ಅನ್ನೂ ಹಂಗ ನೋಡಿ ನಕ್ಕಳು. ಭಾಳ ಚಂದ ನಕ್ಕಳು ತಮ್ಮಾ. ಯಾರ ಕೂಡ ನಗಾಕತ್ತೀಯವ್ವ ಅಂತ ಕೇಳಿದ್ನಿ."

"ಏನಂದ್ಲು?"

"'ಯಾರಿಲ್ಲವ್ವಾ, ಗಾಳಿ' ಅಂದ್ಲು."

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಹೊಲಗಳನ್ನು ನೋಡಿದೆ. ಅಕ್ಕ ನನ್ನ ಮೊಣಕೈ ತಟ್ಟಿ, "ಇದನ್ನ ನೀನs ಇಟ್ಕೋ," ಅಂದಳು. "ನನ್ನ ಕಡೆ ಅವ್ವ ಭಾಳ ಅದಾಳ."

ಅಂದಿನಿಂದ ನನ್ನ ನೆನಪಿನಲ್ಲಿ ಅವ್ವ ಪೂರ್ತಿ ತಿರುಗುತ್ತಾಳೆ. ಹೆದರಿಕೆ ಇಲ್ಲದ ಮುಖ. ನನ್ನನ್ನೇ ನೋಡಿ ನಗುತ್ತಾಳೆ, ಇಷ್ಟು ಹೊತ್ತು ಎಲ್ಲಿದ್ದೆ ಎಂಬಂತೆ. ಈ ತುಣುಕು ಎಲ್ಲಿಂದ ಬಂತು, ಯಾವ ಊರು ದಾಟುವಾಗ ಯಾರ ಬಾಯಿಂದ ಬಂತು ಎಂದು ನನಗೆ ಸರಿಯಾಗಿ ಗೊತ್ತು. ನನ್ನ ತಲೆಯಲ್ಲಿರುವ ನೆನಪುಗಳಲ್ಲಿ ಹುಟ್ಟಿದ ಜಾಗ ಖಚಿತವಾಗಿ ಗೊತ್ತಿರುವುದು ಇದೊಂದೇ, ಮತ್ತು ಇದೇ ಎಲ್ಲಕ್ಕಿಂತ ಅನುಮಾನಾಸ್ಪದವಾದದ್ದು. ಅಕ್ಕ ವ್ಯಾಪಾರದ ಹೆಂಗಸು. ಎದುರಿಗೆ ಕೂತವನ ಮುಖ ನೋಡಿ ಅವನಿಗೆ ಯಾವ ಬಣ್ಣ ಬೇಕೆಂದು ತಿಳಿಯಬಲ್ಲಳು. ಬರಿಗೈಯಲ್ಲಿ ಯಾರನ್ನೂ ಕಳಿಸಿದವಳಲ್ಲ. ಆ ಸಂಜೆ ಪಕ್ಕದ ಸೀಟಿನಲ್ಲಿ ಒಬ್ಬ ತಮ್ಮ ಬರಿಗೈಯಲ್ಲಿ ಕೂತಿದ್ದ.

ಅವ್ವ ನಿಜವಾಗಿ ತಿರುಗಿದಳೇ ಎಂದು ಅಕ್ಕನನ್ನು ಇನ್ನೊಮ್ಮೆ ಕೇಳಬಹುದು. ಇಳಕಲ್ಲಿಗೆ ದೂರವೇನಿಲ್ಲ, ಫೋನು ಇನ್ನೂ ಹತ್ತಿರ. ಹಾಗೆ ನೇರವಾಗಿ ಕೇಳಿದರೆ ಆಕೆ ನನಗೆ ಸುಳ್ಳು ಹೇಳುವವಳಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾಳೆ. ಕಾಲೇಜಿನಲ್ಲಿ ಇಷ್ಟು ವರ್ಷ ಹುಡುಗರಿಗೆ, ಯಾವ ಪ್ರಶ್ನೆಯನ್ನೂ ಕೇಳದೆ ಬಿಡಬೇಡಿ ಎಂದು ಹೇಳುತ್ತಾ ಬಂದಿದ್ದೇನೆ. ಈಗಲೂ ಹಾಗೆಯೇ ಹೇಳುತ್ತೇನೆ. ಒಂದನ್ನು ಮಾತ್ರ ನಾನು ಕೇಳದೆ ಇಟ್ಟುಕೊಂಡಿದ್ದೇನೆ.